ಅಕ್ಕಾವರ ಪೆನ್ನಿನ ಸಂತೆ

ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಅಕ್ಕಾವರು ಚಪ್ಪಲಿ ಬಿಡುತ್ತಿದ್ದರು. ಬಟ್ಟೆಯ ಅಂಗಡಿಯಲ್ಲಲ್ಲ, ಕಿರಾಣಿ ಅಂಗಡಿಯಲ್ಲಲ್ಲ. ಪೆನ್ನು, ವಹಿ, ಶಾಯಿ ಮಾರುವ ಅಂಗಡಿಗಳಲ್ಲಿ ಮಾತ್ರ. ಹಳಿಯಾಳದ ಪೇಟೆಯಲ್ಲಿ ಮೊದಲ ಸಲ ಅದನ್ನು ಕಂಡಾಗ ಸರಸ್ವತಿಯ ಮೇಲಿನ ಭಕ್ತಿ ಇರಬೇಕೆಂದುಕೊಂಡು ನಾನೂ ಚಪ್ಪಲಿ ಬಿಟ್ಟು ಕೈಮುಗಿದೆ. ಅವರು ನಕ್ಕುಬಿಟ್ಟರು.

"ಭಕ್ತಿ ಗಿಕ್ತಿ ಏನೂ ಇಲ್ಲ ತಂಗಿ. ಚಪ್ಪಲಿ ಹಾಕ್ಕೊಂಡು ಭಾಳ ಹೊತ್ತು ನಿಂತ್ರ ನನ್ನ ಕಾಲು ನೋಯ್ತಾವು. ಇಲ್ಲಿ ಭಾಳ ಹೊತ್ತು ನಿಲ್ಲೂದೈತಿ."

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕಾವರೇ. ನಾನೂ ಒಬ್ಬ ಅಕ್ಕಾವರು. ಆದರೆ ದಾಂಡೇಲಿಯ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ, ಹಿಂದೆ ಮುಂದೆ ಏನೂ ಹಚ್ಚದೆ ಬರೇ 'ಅಕ್ಕಾವರು' ಎಂದರೆ ಅವರೊಬ್ಬರೇ. ಅವರು ಹೋಗಿ ಬಹಳ ವರ್ಷಗಳಾದವು. ಈಚೆಗೆ ಒಂದು ಮದುವೆಯಲ್ಲಿ ಆ ಕಾಲದ ಸಹೋದ್ಯೋಗಿಯೊಬ್ಬರು ಸಿಕ್ಕು, "ಅಕ್ಕಾರು ಶಾಯಿ ಬಾಟ್ಲಿ ಹಿಡಕೊಂಡು ಬಿಸಲಾಗ ನಿಂದರತಿದ್ದದ್ದು ನೆನಪೈತೇನ್ರಿ?" ಎಂದು ಕೇಳಿದರು. ಊಟದ ಎಲೆಯ ಮುಂದೆ ಕೂತ ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮನೆಗೆ ಬಂದ ಮೇಲೂ ಅವರು ನನ್ನ ಬೆನ್ನು ಬಿಡಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ದಾಂಡೇಲಿಗೆ ಬಂದಾಗ ಕಾಗದದ ಮಿಲ್ಲು ಆಗಷ್ಟೇ ಹೊಗೆ ಬಿಡಲು ಶುರು ಮಾಡಿತ್ತು. ಕುಳಗಿಯ ಕಡೆಯಿಂದ, ಜೋಯಿಡಾದ ಕಡೆಯಿಂದ ಬಿದಿರು ಹೇರಿಕೊಂಡ ಲಾರಿಗಳು ಸಾಲುಗಟ್ಟಿ ಬರುತ್ತಿದ್ದವು. ಕಾಲನಿಯ ತುಂಬ ಧಾರವಾಡ, ಬೆಳಗಾವಿ ಜಿಲ್ಲೆಗಳ ಮಂದಿ. ನನ್ನ ಅಣ್ಣ ಮಿಲ್ಲಿನಲ್ಲಿ ಫಿಟ್ಟರ್. ನಾನು ಅವನ ಕ್ವಾರ್ಟರ್ಸಿನಲ್ಲೇ ಇದ್ದು ಶಾಲೆಗೆ ಹೋಗುತ್ತಿದ್ದೆ. ಅಕ್ಕಾವರ ಮನೆ ನಮ್ಮ ಹಿಂದಿನ ಓಣಿಯಲ್ಲಿ. ನಲವತ್ತರ ಆಸುಪಾಸಿನ, ಎತ್ತರ ನಿಲುವಿನ, ಗಂಡಸರಂತೆ ಉದ್ದುದ್ದ ಹೆಜ್ಜೆ ಹಾಕುವ ಹೆಂಗಸು. ಧಾರವಾಡದವರು. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಯಾರಾದರೂ 'ಅಯ್ಯೋ ಪಾಪ' ಎನ್ನಲು ಬಾಯಿ ತೆರೆದರೆ ಸಾಕು, ಚೀಲದಿಂದ ಹೊಸದೊಂದು ರಬ್ಬರು ತೆಗೆದು ಅವರ ಮೂಗಿಗೆ ಹಿಡಿಯುತ್ತಿದ್ದರು.

"ಮೊದಲ ಇದರ ವಾಸನಿ ನೋಡ್ರಿ. ಹೆಂಗೈತಿ?"

ಪಾಪ ಎನ್ನಲು ಬಂದವರು ರಬ್ಬರು ಮೂಸಿ ಹೋಗುತ್ತಿದ್ದರು.

ರಜೆಯ ದಿನ ಬಂತೆಂದರೆ ಅವರಿಗೆ ಜಾತ್ರೆ. ಬೆಳಿಗ್ಗೆಯೇ ನಮ್ಮ ಬಾಗಿಲಲ್ಲಿ ನಿಂತು, "ತಂಗೀ, ಹೊಂಟಿಯೋ ಇಲ್ಲೋ? ಹಳಿಯಾಳ ಬಸ್ಸು ಬರೂ ಹೊತ್ತಾತು," ಎಂದು ಕೂಗುವರು. ಅಣ್ಣ ಹಲ್ಲುಜ್ಜುತ್ತ ಒಳಗಿಂದಲೇ ಚೇಷ್ಟೆ ಮಾಡುವನು. "ಅಕ್ಕಾರ, ಇಡೀ ದೇಶಕ್ಕ ಕಾಗದ ಮಾಡೂದು ನಾವು. ನೀವು ಕಾಗದ ತರಾಕ ಹಳಿಯಾಳಕ್ಕ ಹೊಂಟೀರಲ್ಲ!"

"ನಿಮ್ಮ ಮಿಲ್ಲಿನ ಕಾಗದ ಆನಿ ಗಾತ್ರದ ಸುರುಳಿ ಆಗಿ ಹೋಗ್ತೈತೋ ತಮ್ಮಾ. ಅದನ್ನ ಕಂಕಳಾಗ ಇಟಗೊಂಡು ಬರ್ಯಾಕ ಬರ್ತೈತೇನು?"

ಹಳಿಯಾಳದ ಅಂಗಡಿಯ ಮಾಲಕರು ಒಬ್ಬ ಮುದುಕ ಮುಸಲ್ಮಾನರು. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು. ಕಿರಿದಾದ ಅಂಗಡಿ, ಒಳಗೆ ಪಾಟಿ, ಬಳಪ, ಸೀಸದ ಕಡ್ಡಿ, ಕಟ್ಟಿಗೆಯ ಹಿಡಿಕೆಗೆ ಸಿಕ್ಕಿಸುವ ಟಾಕು ಎಂಬ ನಿಬ್ಬುಗಳು, ಶಾಯಿ ತುಂಬುವ ಗಾಜಿನ ದೌತಿ, ಬಣ್ಣ ಬಣ್ಣದ ಶಾಯಿಯ ಪುಡಿ, ಮೇಲಿನ ಗೂಡಿನಲ್ಲಿ ಬೀಗ ಹಾಕಿಟ್ಟ ಫೌಂಟನ್ ಪೆನ್ನುಗಳು. ಅಕ್ಕಾವರು ಕಂಡೊಡನೆ ಚಾಚಾ ಉಳಿದ ಗಿರಾಕಿಗಳಿಗೆ, "ಜರಾ ಠೈರೋ ಭಾಯಿ, ನಮ್ಮ ಬಾಯಿಯವರು ಬಂದಾರ," ಎಂದು ಗಾದಿಯ ಮೇಲೆ ಜಾಗ ಮಾಡುವರು. ಬಂದ ಮಾಲನ್ನೆಲ್ಲ ಅವರ ಮುಂದೆ ಹರಡುವರು.

ಆಮೇಲೆ ನೋಡಬೇಕು. ಅಕ್ಕಾವರು ವಹಿಯನ್ನು ಮೊದಲು ಕಿವಿಯ ಹತ್ತಿರ ಹಿಡಿದು ಹಾಳೆಗಳನ್ನು ಬೆರಳಿನಿಂದ ಸರ್ರನೆ ಬಿಡುವರು. ನಂತರ ಒಂದು ಹಾಳೆಯನ್ನು ಬೆಳಕಿಗೆ ಹಿಡಿಯುವರು. ಕೊನೆಗೆ ಕಣ್ಣು ಮುಚ್ಚಿ ಅಂಗೈಯಿಂದ ಸವರುವರು. ಶಾಯಿಯ ಬಾಟ್ಲಿ ಸಿಕ್ಕರೆ ಬೀದಿಗೇ ಇಳಿದು ಬಿಸಿಲಿಗೆ ಹಿಡಿದು ಅಲ್ಲಾಡಿಸಿ ಹೊರಳಿಸಿ ನೋಡುವರು. ಎತ್ತಿನ ಬಂಡಿಯವರು ಬಂಡಿ ನಿಲ್ಲಿಸಿಕೊಂಡು, ಈ ಹೆಂಗಸು ಏನು ನೋಡುತ್ತಾಳೆಂದು ತಾವೂ ಮೇಲೆ ನೋಡುವರು.

"ನೋಡು ತಂಗಿ, ನವಿಲಿನ ಕೊಳ್ಳಾಗ ಇರ್ತೈತಲ್ಲ, ಆ ಬಣ್ಣ! ಹೌದಲ್ಲೊ?"

ಮೊದಲು ನನಗೆ ಬರೀ ನೀಲಿ ಕಾಣುತ್ತಿತ್ತು. ಕೆಲವು ತಿಂಗಳು ಅವರ ಜೊತೆ ತಿರುಗಿದ ಮೇಲೆ ನವಿಲೂ ಕಾಣತೊಡಗಿತು. ಬಂದ ಮೇಲೆ ನಾನೂ ಅವರೂ ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ, ತಂದದ್ದನ್ನೆಲ್ಲ ಹರಡಿ, ಚಹಾ ಆರಿಹೋಗುವವರೆಗೆ ನೋಡುತ್ತ ಕೂರುತ್ತಿದ್ದೆವು. ಹೊಸ ಸೀರೆ ಉಟ್ಟಾಗಲೂ ನನಗೆ ಅಷ್ಟು ಖುಷಿಯಾಗುತ್ತಿರಲಿಲ್ಲ.

ಒಂದು ವಿಷಯ ಮಾತ್ರ ನನಗೆ ತಿಳಿಯುತ್ತಿರಲಿಲ್ಲ. ಅಕ್ಕಾವರ ಎಡಗೈಯ ಕಿರುಬೆರಳಿನ ಕೆಳಗೆ, ಅಂಗೈಯ ಅಂಚಿಗೆ, ಸದಾ ಶಾಯಿ ಹತ್ತಿರುತ್ತಿತ್ತು. ಬರೆಯುವುದು ಬಲಗೈ, ಶಾಯಿ ಹತ್ತುವುದು ಎಡಗೈಗೆ! ಒಂದು ಸಂಜೆ ಹುಳಿಗೆಂದು ಹುಣಸೆಹಣ್ಣು ಕೇಳಲು ಅವರ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಅಕ್ಕಾವರು ಕಿಟಕಿಯ ಬಳಿ ಮಣೆಯ ಮೇಲೆ ಕೂತು ಬರೆಯುತ್ತಿದ್ದರು, ಎಡಗೈಯಿಂದ. ಟಾಕು ಕಾಗದವನ್ನು ಕೆರೆಯುವ ಕರಕರ ಸದ್ದು ಹೊಸ್ತಿಲವರೆಗೂ ಕೇಳುತ್ತಿತ್ತು. ನನ್ನನ್ನು ನೋಡಿ ಅವರು ಫಕ್ಕನೆ ಕೈ ಸೆರಗಿನೊಳಗೆ ಮುಚ್ಚಿಕೊಂಡರು. ಅಂಥ ಗಟ್ಟಿ ಹೆಂಗಸಿನ ಮುಖದ ಮೇಲೆ ನಾನು ಹೆದರಿಕೆ ಕಂಡದ್ದು ಅದೇ ಮೊದಲು.

ಆಮೇಲೆ ತಾವೇ ನಕ್ಕು ಕೈ ಹೊರಗೆ ತೆಗೆದರು. "ಬಾ, ಕುಂದ್ರು. ಕಂಡಿ ಅಂದಮ್ಯಾಲೆ ಹೇಳ್ತೇನಿ."

ಹುಟ್ಟಾ ಎಡಚರು. ಚಿಕ್ಕವರಿದ್ದಾಗ ಅವರ ಅಪ್ಪ ಎಡಗೈಯನ್ನು ಧೋತರದ ತುಂಡಿನಿಂದ ಸೊಂಟಕ್ಕೆ ಕಟ್ಟಿ ಅಕ್ಷರ ತಿದ್ದಿಸಿದ್ದರಂತೆ. ಬಲಗೈ ಕಲಿಯಿತು, ಮುತ್ತಿನಂಥ ಅಕ್ಷರವನ್ನೂ ಬರೆಯಿತು. "ಆದ್ರ ಆ ಅಕ್ಷರ ನಮ್ಮಪ್ಪಂದು," ಎಂದರು ಅಕ್ಕಾವರು. "ಚಂದ ಅದಾವು, ಖರೆ. ನನ್ನವು ಅಲ್ಲ. ನನ್ನವು ಇಲ್ಲಿ ನೋಡು, ಕಾಗೆಕಾಲು ಗುಬ್ಬಿಕಾಲು."

ಎಡಗೈಯವರು ಟಾಕನ್ನು ಎಳೆಯುವುದಿಲ್ಲ, ಮುಂದಕ್ಕೆ ನೂಕುತ್ತಾರೆ. ನೂಕಿದಾಗ ತುದಿ ಕಾಗದಕ್ಕೆ ಚುಚ್ಚುತ್ತದೆ, ಕೆರೆಯುತ್ತದೆ. ಕೈ ಹಿಂದಿನಿಂದ ಬಂದು ಹಸಿ ಶಾಯಿಯನ್ನು ಸವರಿಕೊಂಡು ಹೋಗುತ್ತದೆ. ತಮ್ಮ ಕೈಗೆ ಹೊಂದುವ ಪೆನ್ನು, ಬೇಗ ಒಣಗುವ ಶಾಯಿ, ಚುಚ್ಚದ ಕಾಗದ ಎಲ್ಲಾದರೂ ಸಿಕ್ಕೀತೆಂದು ಅಂಗಡಿ ಅಲೆಯಲು ಶುರು ಮಾಡಿದ್ದರಂತೆ.

"ಸಿಕ್ಕಿಲ್ಲೇನ್ರಿ?" ಎಂದು ನಾನು ಕೇಳಿದೆ.

"ಸಿಕ್ಕಿಲ್ಲ. ಆದ್ರ ಅಂಗಡಿ ಸಿಕ್ಕಾವಲ್ಲ! ಅಷ್ಟು ಬಣ್ಣದ ಶಾಯಿ ನೋಡಿದ್ನಲ್ಲ! ಒಂದ ಸಲಕ್ಕ ಪೆನ್ನು ಸಿಕ್ಕಿದ್ರ ನಾ ಇಷ್ಟೆಲ್ಲಾ ಎಲ್ಲಿ ನೋಡ್ತಿದ್ನೆ?"

ಗೋವಾ ನಮ್ಮದಾದ ಮೇಲಿನ ಬೇಸಿಗೆ ರಜೆ. ಮಿಲ್ಲಿನ ಮಂದಿಯೆಲ್ಲ ಗೋವಾ ಪೇಟೆಯ ಸುದ್ದಿಯನ್ನೇ ಮಾತಾಡುತ್ತಿದ್ದರು. ಅಲ್ಲಿ ಪರದೇಶದ ಗಡಿಯಾರ, ಪರದೇಶದ ಕತ್ತರಿ, ಪರದೇಶದ ಬಿಸ್ಕೂಟು. ಅಕ್ಕಾವರ ಕಿವಿಗೆ ಬಿದ್ದದ್ದು ಒಂದೇ: ಪರದೇಶದ ಪೆನ್ನು. ಹೆಂಗಸರಿಬ್ಬರೇ ಹೇಗೆ ಹೋಗುವುದೆಂದು ಅಣ್ಣನನ್ನು ಜೊತೆಗೆ ಕರೆದುಕೊಂಡೆವು. ಜೋಯಿಡಾ ದಾಟಿ, ಅನಮೋಡದಲ್ಲಿ ಬಸ್ಸು ಬದಲಿಸಿ, ಘಟ್ಟ ಇಳಿದು ಮಡಗಾಂವ ಮುಟ್ಟುವ ಹೊತ್ತಿಗೆ ಅಣ್ಣ ನೂರು ಸಲ ಗೊಣಗಿದ್ದ. ಅಕ್ಕಾವರು ಮಾತ್ರ ಕಿಟಕಿಯ ಪಕ್ಕ ಕೂತು, ಮೊದಲ ಸಲ ಸರ್ಕಸ್ಸಿಗೆ ಹೋಗುವ ಮಕ್ಕಳ ಹಾಗೆ ಕಾಲು ಅಲ್ಲಾಡಿಸುತ್ತಿದ್ದರು.

ಆ ಅಂಗಡಿಯನ್ನು ನಾನು ಇನ್ನೂ ಮರೆತಿಲ್ಲ. ನೆಲದಿಂದ ಮಾಳಿಗೆಯವರೆಗೆ ಗಾಜಿನ ಕಪಾಟುಗಳು. ಮಖಮಲ್ಲಿನ ಮೇಲೆ ಮಲಗಿಸಿದ ಪೆನ್ನುಗಳು: ಕಪ್ಪು, ಕೆಂಪು, ಹುಲಿಯ ಪಟ್ಟೆಯವು, ಕಪ್ಪೆಚಿಪ್ಪಿನ ಹೊಳಪಿನವು. ಹಸಿರು ಶಾಯಿ, ನೇರಳೆ ಶಾಯಿ, ಒಣಗಿದ ರಕ್ತದ ಬಣ್ಣದ ಶಾಯಿ. ಚರ್ಮದ ಹೊದಿಕೆಯ ವಹಿಗಳು. ಅಕ್ಕಾವರು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಉಸಿರು ಹಿಡಿದು ನಿಂತುಬಿಟ್ಟರು. ಹ್ಯಾಟು ಹಾಕಿದ ಮುದುಕ ಮಾಲಕ ಕೊಂಕಣಿಯಲ್ಲಿ ಮಾತಾಡಿದ. ಇವರು ಮರಾಠಿಯಲ್ಲಿ ಉತ್ತರ ಕೊಟ್ಟರು. ಅವನು ಒಂದು ಪೆನ್ನನ್ನು ಶಾಯಿಯಲ್ಲಿ ಅದ್ದಿ ಮುಂದೆ ಹಿಡಿದ. ಅಕ್ಕಾವರು ಮೈಮರೆತು ಎಡಗೈ ಚಾಚಿ ಅದನ್ನು ತೆಗೆದುಕೊಂಡರು.

ಅಣ್ಣ ನನ್ನ ಮುಖ ನೋಡಿದ. ನಾನು ಸುಮ್ಮನಿರು ಎಂದು ಕಣ್ಣು ಮಾಡಿದೆ. ಅಕ್ಕಾವರಿಗೂ ಅರಿವಾಯಿತು, ಕೈ ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಆ ಮುದುಕ, "ಬಾಯ್, ತುಂ ದಾವ್ಯಾ ಹಾತಾನ್ ಬರಯ್ತಾಯ್?" ಎಂದು ಕೇಳಿದ. ಎಡಗೈಯಿಂದ ಬರೆಯುತ್ತೀಯೇನಮ್ಮ ಎಂದು. ಆ ದನಿಯಲ್ಲಿ ಚೇಷ್ಟೆಯೂ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಕಾಲಿನ ಅಳತೆ ಕೇಳುವ ಚಪ್ಪಲಿ ಅಂಗಡಿಯವನ ದನಿ ಅದು.

ಅಕ್ಕಾವರು ಹೌದೆಂದು ತಲೆಯಾಡಿಸಿದರು.

ಹಾಗಾದರೆ ಈ ಪೆನ್ನು ನಿಮಗಲ್ಲ ಎಂದ ಅವನು. ಎಡಗೈಯವರಿಗೆಂದೇ ತುದಿಯನ್ನು ಓರೆಯಾಗಿ ಕತ್ತರಿಸಿದ ನಿಬ್ಬುಗಳು ಬೇರೆ ಬರುತ್ತವೆ, ಜರ್ಮನಿಯಿಂದ ತರಿಸುತ್ತಿದ್ದೆ. ಕೊನೆಯದನ್ನು ಒಬ್ಬ ಪಾದ್ರಿ ಒಯ್ದರು. ಈಗ ಹಡಗಿನ ಮಾಲು ಬರುವುದಿಲ್ಲ, ಇನ್ನು ನನ್ನ ಹತ್ತಿರ ಸಿಗುವುದಿಲ್ಲ ಎಂದು ಎರಡೂ ಕೈ ಬಿಚ್ಚಿ ತೋರಿಸಿದ.

ಇಷ್ಟು ದೂರ ಬಂದು ಹೀಗಾಯಿತಲ್ಲ ಎಂದು ನನಗೆ ಅಳುವೇ ಬಂತು. ಅಕ್ಕಾವರ ಕಡೆ ತಿರುಗಿದೆ. ಅವರ ಮುಖ ಊದಿದ ಕೆಂಡದಂತೆ ಹೊಳೆಯುತ್ತಿತ್ತು.

"ತಂಗೀ, ಕೇಳಿದ್ಯಾ? ಕಾರಖಾನ್ಯಾಗ ಮಾಡ್ತಾರಂತ! ಕಾರಖಾನಿ ಹಾಕಬೇಕಂದ್ರ ನನ್ನಂಥಾವರು ಎಷ್ಟು ಮಂದಿ ಇರಬೇಕು! ಪಾದ್ರಿ ಸೈತ ಎಡಚ ಅಂತವ್ವಾ!"

ಅಣ್ಣನ ತೋಳು ಹಿಡಿದು ಅವನಿಗೂ ಅದನ್ನೇ ಹೇಳಿದರು. ಆ ದಿನ ಅವರು ಆ ಅಂಗಡಿಯಲ್ಲಿ ಕಪಾಟಿನಿಂದ ಕಪಾಟಿಗೆ ಹಾರಾಡಿದರು. ಕಂಡ ಪೆನ್ನನ್ನೆಲ್ಲ ಎಡಗೈಯಿಂದಲೇ, ಎಲ್ಲರೆದುರಿಗೆ, ಕೆರೆದು ನೋಡಿದರು. ಗೊಣಗುತ್ತ ಬಂದಿದ್ದ ಅಣ್ಣ ತಾನೇ ಒಂದು ಹುಲಿಪಟ್ಟೆಯ ಪೆನ್ನು ಆರಿಸಿಕೊಂಡು ಜೇಬಿಗೆ ಸಿಕ್ಕಿಸಿ ಕನ್ನಡಿ ಕೇಳಿದ.

ಮರಳುವಾಗ ಅನಮೋಡದ ನಾಕಾದಲ್ಲಿ ಅಕ್ಕಾವರ ಚೀಲ ಗಳಗಳ ಎಂದಿತು. ಗೋವಾದಿಂದ ಬರುವ ಬಾಟ್ಲಿ ಎಂದರೆ ಆಗ ಎಲ್ಲರಿಗೂ ಒಂದೇ ಗುಮಾನಿ: ದಾರೂ. ಪೊಲೀಸಪ್ಪ, "ಏನ್ರಿ ಬಾಯಾರ, ಇದರಾಗ ಏನೈತಿ?" ಎಂದ. "ನೀವ ನೋಡ್ರಿ," ಎಂದು ಇವರು ಒಂದರ ಬಿರಡೆ ತೆಗೆದು ಕೊಟ್ಟರು. ಅವನು ಬಗ್ಗಿ ಜೋರಾಗಿ ಮೂಸುವುದಕ್ಕೂ ಹಿಂದಿನವರು ನೂಕುವುದಕ್ಕೂ ಸರಿಹೋಯಿತು; ಮೂಗಿನ ತುದಿ ನೇರಳೆಯಾಯಿತು. ಇಡೀ ಬಸ್ಸು ನಕ್ಕಿತು, ಅವನೂ ನಕ್ಕ. ಅಕ್ಕಾವರು ತಮ್ಮ ಸೆರಗಿನ ತುದಿ ಒದ್ದೆ ಮಾಡಿಕೊಟ್ಟು, "ಚಲೋ ಶಾಯಿರಿ, ಲಗೂ ಹೋಗೂದಿಲ್ಲ," ಎಂದು ಹೆಮ್ಮೆಯಿಂದ ಹೇಳಿದರು.

ಶಾಲೆ ಶುರುವಾದ ಮೇಲೆ ನಡೆದದ್ದನ್ನು ಹೇಳದಿದ್ದರೆ ಈ ಚಿತ್ರ ಅರ್ಧವೇ ಆದೀತು. ಎರಡನೆಯ ಇಯತ್ತೆಯಲ್ಲಿ ಗಿರಿಜಾ ಎಂಬ ಹುಡುಗಿ ಇದ್ದಳು. ಮಿಲ್ಲಿನ ಕೂಲಿಯವರೊಬ್ಬರ ಮಗಳು. ಅವಳೂ ಎಡಚಿ. ಅವಳ ವರ್ಗದ ಅಕ್ಕಾವರು ಎಡಗೈಯಲ್ಲಿ ಬಳಪ ಕಂಡಾಗಲೆಲ್ಲ ಬೆರಳ ಗೆಣ್ಣಿಗೆ ಪಟ್ಟಿಯಿಂದ ಬಡಿಯುತ್ತಿದ್ದರು. ಒಂದು ದಿನ ಹುಡುಗಿಯ ಅಳು ಪಕ್ಕದ ಕೋಣೆಗೆ ಕೇಳಿಸಿತು. ಪಾಠ ಹೇಳುತ್ತಿದ್ದ ನಮ್ಮ ಅಕ್ಕಾವರು ಮಾತು ಅರ್ಧಕ್ಕೇ ಬಿಟ್ಟು ನಡೆದರು. ನಾನು ವರಾಂಡದಿಂದ ನೋಡಿದೆ. ಅವರು ಸೀದಾ ಹೋಗಿ ಸೀಮೆಸುಣ್ಣದ ಖಡು ಎಡಗೈಗೆ ತೆಗೆದುಕೊಂಡು, ಕರಿಹಲಗೆಯ ಮೇಲೆ 'ಗಿರಿಜಾ' ಎಂದು ಬರೆದರು. ಅಕ್ಷರ ಸೊಟ್ಟಗಿದ್ದವು. ಇಡೀ ವರ್ಗ ಬಾಯಿ ತೆರೆದು ಕೂತಿತು. ಆ ಹುಡುಗಿ ಅಳು ನಿಲ್ಲಿಸಿ ಅವರ ಕೈಯನ್ನೇ ನೋಡುತ್ತಿದ್ದಳು.

"ನಿನ್ನಂಗ ನಾನೂ," ಎಂದರು ಅಕ್ಕಾವರು. "ಈಗ ನೀ ಬರಿ."

ಹೆಡ್ ಬಾಯಿಯವರು, ಎಂದರೆ ನಮ್ಮ ಮುಖ್ಯೋಪಾಧ್ಯಾಯಿನಿ, ಕರೆಸಿ ಕೇಳಿದರು. ಊರಲ್ಲಿ ಗುಸುಗುಸು ಎದ್ದಿತು. ಮರುದಿನ ಗಿರಿಜಾಳ ತಾಯಿಯೇ ಶಾಲೆಗೆ ಬಂದು ನಿಂತಳು. "ಅಕ್ಕಾರ, ನಿಮಗ ನೌಕರಿ ಐತಿ, ನಡೀತೈತಿ. ನನ್ನ ಮಗಳನ್ನ ನಾಳೆ ಯಾರು ಮಾಡಿಕೊಳ್ತಾರ್ರಿ? ಎಡಚಿ ಅಂತ ಮನಿಗೆ ಕಳಸ್ತಾರ."

ಆ ತಾಯಿಯ ಭಯ ಸುಳ್ಳಲ್ಲವೆಂದು ಅಕ್ಕಾವರಿಗೆ ಗೊತ್ತಿತ್ತು. "ಉಣ್ಣೂದು, ಬಡಿಸೂದು, ಕುಂಕುಮ ಹಚ್ಚೂದು ನೀವು ಹೆಂಗ ಹೇಳ್ತೀರಿ ಹಂಗ ಮಾಡ್ಲೆವ್ವಾ," ಎಂದರು. "ಬರಿಯೂದು ಒಂದು ಆಕಿಗೆ ಬಿಟ್ಟುಬಿಡ್ರಿ. ನನಗ ಬಿಡಲಿಲ್ಲ. ನನ್ನ ಅಕ್ಷರ ನನಗ ಇನ್ನೂ ಸಿಕ್ಕಿಲ್ಲ."

ಆಕೆ ಸೆರಗು ಹೊದ್ದು ಹೊರಟುಹೋದಳು. ಮುಂದಿನ ರಜೆಯ ದಿನ ನಾವು ಹಳಿಯಾಳದ ಬಸ್ಸಿಗೆ ನಿಂತಿದ್ದಾಗ ಮಗಳ ಕೈ ಹಿಡಿದು ಬಂದಳು. "ಎಡಗೈಗೆ ಯಾವ ಪೆನ್ಸಿಲ್ ಚಲೋರಿ?" ಎಂದು ಕೇಳಿದಳು, ಎತ್ತಲೋ ನೋಡುತ್ತ. ಅಕ್ಕಾವರು ದಾರಿಯುದ್ದಕ್ಕೂ ಅವಳಿಗೆ ಪೆನ್ಸಿಲ್ಲಿನ ಪುರಾಣ ಹೇಳಿದರು. ಚಾಚಾನ ಅಂಗಡಿಯಲ್ಲಿ ಆ ತಾಯಿ ಸಂಕೋಚ ಮರೆತು, ವಹಿಯೊಂದನ್ನು ಕಿವಿಗೆ ಹಿಡಿದು ಸರ್ರನೆ ಬಿಟ್ಟು ನಕ್ಕಳು. ಅವಳಿಗೆ ಓದಲು ಬರುತ್ತಿರಲಿಲ್ಲ.

ಕೆಲವು ವರ್ಷಗಳ ನಂತರ ಅಕ್ಕಾವರಿಗೆ ಮುಂಡಗೋಡಿಗೆ ವರ್ಗವಾಯಿತು. ಅಲ್ಲಿ ಒಂದು ಚಿಕ್ಕ ಅಂಗಡಿ ಬಿಟ್ಟರೆ ಏನೂ ಇಲ್ಲ ಎಂದು ಮೊದಮೊದಲು ಬೇಸರದಿಂದ ಕಾಗದ ಬರೆದರು. ಆಮೇಲೆ ಒಂದು ದಿನ ಕಾರ್ಡು ಬಂತು: 'ದೀಪಾವಳಿ ರಜೆಗೆ ಬಾ. ತಪ್ಪಿಸಬೇಡ.' ಅಷ್ಟೇ.

ಹೋದೆ. ಬಸ್ಸಿನಿಂದ ಇಳಿಯುವುದೇ ತಡ, "ಚಾ ಆಮ್ಯಾಲೆ ಕುಡೀತೀ," ಎಂದು ನನ್ನ ಚೀಲ ಕಿತ್ತುಕೊಂಡು ನಡೆದೇಬಿಟ್ಟರು. ಊರ ಹೊರಗೆ ಕಾಡು ಕಡಿದು ಟಿಬೆಟಿನಿಂದ ಓಡಿಬಂದವರಿಗೆ ಕೊಟ್ಟ ಜಾಗ ಅದು. ಎಲ್ಲೆಲ್ಲೂ ಡೇರೆಗಳು, ಹೊಸದಾಗಿ ಕೆದರಿದ ಕೆಂಪು ಮಣ್ಣು, ಹಗ್ಗಕ್ಕೆ ಕಟ್ಟಿದ ಬಣ್ಣದ ಬಟ್ಟೆ ತುಂಡುಗಳು. ಒಂದು ಡೇರೆಯ ಮುಂದೆ ಮುದುಕ ಲಾಮಾ ಒಬ್ಬರು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಉದ್ದನೆಯ ಕಾಗದದ ಮೇಲೆ ಬರೆಯುತ್ತಿದ್ದರು. ಕೈಯಲ್ಲಿ ಬಿದಿರಿನ ಪೆನ್ನು.

"ದಿನಾ ಬಂದು ದೂರ ನಿಂತು ನೋಡಿ ಹೋಗೇನಿ," ಎಂದು ಅಕ್ಕಾವರು ಪಿಸುಗುಟ್ಟಿದರು. "ಕೇಳಾಕ ಧೈರ್ಯ ಸಾಲವಲ್ದು. ದೇವರ ಅಕ್ಷರ ಬರೀತಾರಂತ. ಎಡಗೈ ಅಂದ್ರ ಏನಂತಾರೋ."

ಪರದೇಶದ ಪೆನ್ನಿಗೆ ಹೆದರದ ಹೆಂಗಸು ಬಿದಿರ ಕಡ್ಡಿಗೆ ಹೆದರಿ ನಿಂತಿದ್ದರು. ನಾನೇ ಅವರನ್ನು ಮುಂದಕ್ಕೆ ತಳ್ಳಿದೆ. ಪಕ್ಕದಲ್ಲಿ ಹಿಂದಿ ಬರುವ ಟಿಬೆಟಿನ ಯುವಕನೊಬ್ಬ ಕೂತಿದ್ದ. ಆ ಪೆನ್ನಿನಿಂದ ಬರೆದು ನೋಡಬಹುದೇ ಎಂದು ಅವನ ಮೂಲಕ ಕೇಳಿದೆವು. ಲಾಮಾ ನಗುತ್ತ ಒಂದು ಖಾಲಿ ಹಾಳೆಯ ಜೊತೆ ತಮ್ಮ ಪೆನ್ನನ್ನೇ ಕೊಟ್ಟರು. ಅಕ್ಕಾವರು ಬಲಗೈ ಮುಂದೆ ತಂದರು, ತಡೆದರು, ನಂತರ ಎಡಗೈಯಿಂದ ತೆಗೆದುಕೊಂಡು ಒಂದು ಗೆರೆ ಎಳೆದರು. ಕರ್ರ್ ಎಂದಿತು, ಶಾಯಿ ಸಿಡಿಯಿತು.

ಲಾಮಾ ಅಕ್ಕಾವರ ಕೈಯನ್ನೇ ನೋಡಿದರು. ನಗು ನಿಂತಿತು. ಕೈ ಚಾಚಿ ಪೆನ್ನನ್ನು ಮರಳಿ ಇಸಿದುಕೊಂಡರು.

ಅಕ್ಕಾವರ ಮುಖ ಸಣ್ಣದಾಯಿತು. "ನಡಿ ತಂಗಿ, ಹೋಗೂಣು," ಎಂದು ಎದ್ದರು. ಆ ಯುವಕ ಕೂರಿ ಎಂದು ಕೈಸನ್ನೆ ಮಾಡಿದ. ಲಾಮಾ ಪಕ್ಕದ ಚೀಲದಿಂದ ಹೊಸದೊಂದು ಬಿದಿರಿನ ತುಂಡು ತೆಗೆದರು. ಅದನ್ನು ತಮ್ಮ ಎಡಗೈಗೆ ತೆಗೆದುಕೊಂಡು, ತಲೆ ಓರೆ ಮಾಡಿ, ಗಾಳಿಯಲ್ಲಿ ಬರೆದು ನೋಡಿದರು. ಮತ್ತೆ ಬರೆದು ನೋಡಿದರು. ಆಮೇಲೆ ಚೂರಿಯಿಂದ ತುದಿಯನ್ನು ಚೂಪಾಗಿ ಸೀಳಿ, ತಮ್ಮ ಪೆನ್ನಿನ ಓರೆಗೆ ಸರಿಯಾಗಿ ಉಲ್ಟಾ ಓರೆ ಬರುವಂತೆ ಕತ್ತರಿಸಿ, ಎರಡೂ ಕೈಯಿಂದ ಅಕ್ಕಾವರ ಮುಂದೆ ಹಿಡಿದರು.

ಅಕ್ಕಾವರು ಅದ್ದಿ ಬರೆದರು. ಬಿದಿರು ಎಣ್ಣೆ ಹಚ್ಚಿದಂತೆ ಜಾರಿಕೊಂಡು ಹೋಯಿತು. ದಪ್ಪಗೆ, ತೆಳ್ಳಗೆ, ಮತ್ತೆ ದಪ್ಪಗೆ.

"ತಂಗೀ, ಕೇಳ ಇಲ್ಲಿ," ಎಂದರು. "ಸಪ್ಪಳನ ಇಲ್ಲ!"

ಸೆರಗು ಸೊಂಟಕ್ಕೆ ಸಿಕ್ಕಿಸಿ ಮಣ್ಣಿನಲ್ಲೇ ಕೂತುಬಿಟ್ಟರು. ಬರೆದರು, ಬರೆದರು. ಸಂಜೆಯ ಬಿಸಿಲು ಡೇರೆಗಳ ಮೇಲೆ ಇಳಿಯಿತು. ನನ್ನ ಹೊಟ್ಟೆ ಹಸಿದಿತ್ತು. ಊರಿಗೆ ಹೋಗುವ ಕಡೆಯ ಬಂಡಿಯವನು ರಸ್ತೆಯಿಂದ ಕೂಗಿದ. "ಅಕ್ಕಾರ, ಬಂಡಿ ಹೋಗ್ತೈತ್ರಿ," ಎಂದೆ.

"ಹೋಗ್ಲಿ ಬಿಡು."

ಹಾಳೆಯ ತುಂಬ ಅವರು ಏನು ಬರೆದಿದ್ದಾರೆಂದು ಲಾಮಾ ಆ ಯುವಕನ ಬಾಯಿಂದ ಕೇಳಿಸಿದರು. ನಾನೂ ಬಗ್ಗಿ ನೋಡಿದೆ. ಅ, ಆ, ಇ, ಈ. ಸಾಲಾಗಿ, ಒಂದರ ಕೆಳಗೊಂದು. ಅಕ್ಕಾವರು ತಲೆ ಎತ್ತದೆ, ಹಿಂದಿ ಮರೆತು, ಕನ್ನಡದಲ್ಲೇ ಹೇಳಿದರು.

"ಬರಿಯೂದು ಕಲ್ಯಾಕ ಹತ್ತೇನಿ ಅಂತ ಹೇಳಪಾ ಅವರಿಗೆ."

ಯುವಕನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಮುದುಕ ಲಾಮಾ ಮಾತ್ರ ಗಟ್ಟಿಯಾಗಿ ನಕ್ಕು, ಇನ್ನೊಂದು ಹಾಳೆಯನ್ನು ಅವರ ಮುಂದೆ ಸರಿಸಿದರು.